ಸಾಕ್ಷಿಯ ನೆನಪಿಗೆ ನಮ್ಮ ಮಾತು ಬೆರೆಯದಿರಲಿ

ಕಾರವಾರದಲ್ಲಿ ನನ್ನ ಬಳಿ ತನಿಖೆ ಕಲಿಯುವ ಹೊಸ ಪಿಎಸ್‌ಐಗಳಿಗೆ ಮೊದಲ ಮಾತು: ಬಾಯಿ ಮುಚ್ಚಿ ಕೇಳಿ. ಮೀನು ಮಾರುವ ಅಕ್ಕ ಹೆದ್ದಾರಿ 66ರಲ್ಲಿ ಅಪಘಾತ ನೋಡಿದ್ದಾರೆ ಅನ್ನಿ. ‘ಲಾರಿ ಕೆಂಪಗಿತ್ತಾ?’ ಎಂದು ಕೇಳಿದಿರೋ, ಆ ಕೆಂಪು ಅವರ ನೆನಪಿಗೇ ಅಂಟಬಹುದು. 1974ರಲ್ಲಿ ಮನಶ್ಶಾಸ್ತ್ರಜ್ಞರಾದ ಲಾಫ್ಟಸ್, ಪಾಮರ್ ಅಪಘಾತದ ದೃಶ್ಯ ತೋರಿಸಿ ನಡೆಸಿದ ಪ್ರಯೋಗದಲ್ಲಿ ‘ತಾಗಿದಾಗ’ ಬದಲು ‘ಅಪ್ಪಳಿಸಿದಾಗ’ ಎಂದು ಕೇಳಿದ್ದಕ್ಕೇ ಜನ ವಾಹನದ ವೇಗ ಹೆಚ್ಚಿಸಿ ಹೇಳಿದರು.

ಅದರ ಬದಲು ಹೀಗೆ ಕೇಳಿ: ‘ಅಕ್ಕಾ, ಕಣ್ಣು ಮುಚ್ಚಿ ಆ ಜಾಗ ನೆನಪಿಸಿಕೊಳ್ಳಿ. ಬುಟ್ಟಿ ಎಲ್ಲಿತ್ತು? ಏನು ಕೇಳಿಸ್ತಿತ್ತು? ಸಣ್ಣದಾದ್ರೂ ಹೇಳಿ, ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನಿ.’ ಮನಶ್ಶಾಸ್ತ್ರಜ್ಞರಾದ ಫಿಶರ್, ಗೈಸಲ್‌ಮನ್ ರೂಪಿಸಿದ ಈ ದಾರಿಯನ್ನು ನಾನು ಮನಸಾರೆ ನಂಬುತ್ತೇನೆ. ಕೊಂಕಣಿಯಲ್ಲಿ ಹೇಳಿದರೆ ಕೊಂಕಣಿಯಲ್ಲೇ ಕೇಳಿ. ಅವರು ಸುಮ್ಮನಾದರೆ ಕಾಯಿರಿ. ಆಮೇಲೆ ಕೊನೆಯಿಂದ ಮೊದಲಿಗೆ ಹೇಳಿಸಿ.

ಇದೆಲ್ಲ ಚಹಾ ಅಂಗಡಿಯಲ್ಲಿ ಸಾಕ್ಷಿಗಳು ಪರಸ್ಪರ ಮಾತಾಡಿಕೊಳ್ಳುವ ಮೊದಲೇ, ಒಬ್ಬೊಬ್ಬರನ್ನೇ ಕೂರಿಸಿಕೊಂಡು.