ಮಾವಿನ ತೋಪಿನ ತರಗೆಲೆ ಸುಡಬೇಡಿ

ಶ್ರೀನಿವಾಸಪುರ, ಮುಳಬಾಗಿಲು ಕಡೆ ತೋಪು ಇರುವವರಿಗೆ ಒಂದು ಮಾತು. ಕೊಯ್ಲು ಮುಗಿದ ಮೇಲೆ ತರಗೆಲೆ ಗುಡಿಸಿ ಬೆಂಕಿ ಇಡೋದನ್ನ ದಯವಿಟ್ಟು ಬಿಡಿ.

ಎಲೆ ಬಿಸಿಲನ್ನು ಹಿಡಿದು ಆಹಾರ ಮಾಡುತ್ತದೆ. ಉದುರಿದ ಎಲೆಯಲ್ಲೂ ಆ ಶಕ್ತಿ ಉಳಿದಿರುತ್ತದೆ. ಸುಟ್ಟರೆ ಅದೆಲ್ಲ ಒಂದೇ ಗಳಿಗೆಯಲ್ಲಿ ಶಾಖವಾಗಿ ಹೋಗುತ್ತದೆ, ಸಾರಜನಕವೂ ಬಹುಪಾಲು ಗಾಳಿ ಪಾಲು. ಬೂದಿಯಲ್ಲಿ ಪೊಟ್ಯಾಷ್, ಸುಣ್ಣದಂಥವು ಉಳಿಯುತ್ತವೆ ನಿಜ, ಆದರೆ ಮಣ್ಣಿನ ಜೀವಿಗಳಿಗೆ ಬೂದಿ ಊಟವಲ್ಲ.

ಮಳೆ ಬಿದ್ದ ಮೇಲೆ ತರಗಿನ ಅಡಿಪದರ ಎತ್ತಿ ನೋಡಿ. ಎಲೆಗಳನ್ನು ಒಂದಕ್ಕೊಂದು ಅಂಟಿಸಿರುವ ಬಿಳಿ ನೂಲಿನಂಥ ಎಳೆಗಳು ಕಾಣುತ್ತವೆ, ಅದು ಶಿಲೀಂಧ್ರ. ಪಕ್ಕದಲ್ಲೇ ಎರೆಹುಳು ಹಾಕಿದ ಮಣ್ಣಿನ ಉಂಡೆಗಳು. ಇವೆಲ್ಲ ಬದುಕೋದು ಆ ಎಲೆಯ ಶಕ್ತಿಯಿಂದಲೇ. ಎರೆಹುಳು ತಿನ್ನೋಕೆ ಗೊರವಂಕ ಬರುತ್ತದೆ. ಹೀಗೆ ಒಂದನ್ನೊಂದು ತಿನ್ನುವ ಸರಪಳಿಯಲ್ಲಿ ಒಂದು ಹಂತದಿಂದ ಮುಂದಿನದಕ್ಕೆ ದಾಟೋದು ಸುಮಾರು 10% ಶಕ್ತಿ ಮಾತ್ರ. ಹಾಗಾಗಿ ಆ ಸರಪಳಿಯ ಬುಡದಲ್ಲಿ ತರಗು ಜಾಸ್ತಿ ಇದ್ದಷ್ಟೂ ಒಳ್ಳೆಯದು, ಅಲ್ವಾ?

ಮರದ ನೆರಳು ಬೀಳುವಷ್ಟು ಜಾಗಕ್ಕೆ 3-4 ಇಂಚು ದಪ್ಪ ಹರಡಿ. ಕಾಂಡದಿಂದ ಒಂದಡಿ ಬಿಡಿ, ಇಲ್ಲದಿದ್ದರೆ ಗೆದ್ದಲು ತೊಗಟೆಗೆ ಹತ್ತುತ್ತದೆ. ಮೇಲೆ ಸಗಣಿ ನೀರು ಚಿಮುಕಿಸಿದರೆ ಬೇಗ ಕೊಳೆಯುತ್ತದೆ. ನಮ್ಮ ಕಡೆ ಮಳೆ ಕಡಿಮೆ, ಈ ಹೊದಿಕೆಯಿಂದ ತೇವವೂ ನಿಲ್ಲುತ್ತದೆ.

ಕೊಳೆತು ಬಿದ್ದ ಹಣ್ಣು ಮಾತ್ರ ಇದರಲ್ಲಿ ಸೇರಿಸಬೇಡಿ. ಅದರಲ್ಲಿ ಹಣ್ಣು ನೊಣದ ಹುಳು ಇರುತ್ತದೆ. ಬೇರೆ ಗುಂಡಿ ತೋಡಿ ಆಳವಾಗಿ ಮುಚ್ಚಿ.