ಒಬ್ಬರ ಜ್ವರ ಕಾರ್ಖಾನೆಯ ಇಡೀ ಲೈನಿಗೆ ಹರಡದಂತೆ ನೋಡಿಕೊಳ್ಳುವುದು ಹೇಗೆ?

ಮಳೆಗಾಲ ಬಂತೆಂದರೆ ಮೈಸೂರಿನ ಹೆಬ್ಬಾಳ, ಹೂಟಗಳ್ಳಿಯ ಕಾರ್ಖಾನೆಗಳಲ್ಲೂ ಮದ್ದೂರು, ಶ್ರೀರಂಗಪಟ್ಟಣದ ಗಾರ್ಮೆಂಟ್ಸ್‌ಗಳಲ್ಲೂ ಕೆಮ್ಮು ಶುರು. ಇಂದು ಒಬ್ಬರಿಗೆ, ನಾಲ್ಕು ದಿನದಲ್ಲಿ ಅಕ್ಕಪಕ್ಕದ ಮಿಷನ್‌ನವರಿಗೆಲ್ಲ.

ಮೊದಲ ಕೆಲಸ ಸ್ಯಾನಿಟೈಸರ್ ತರುವುದಲ್ಲ, ಜ್ವರ ಬಂದವರು ನೆಮ್ಮದಿಯಿಂದ ಮನೆಯಲ್ಲಿರುವಂತೆ ಮಾಡುವುದು. ಫ್ಲೂ, ಜ್ವರ ಕಾಣಿಸುವ ಒಂದು ದಿನ ಮೊದಲೇ ಹರಡಲು ಶುರುವಾಗುತ್ತದೆ, ಆಮೇಲೂ 5ರಿಂದ 7 ದಿನ ಹರಡಬಹುದು. ಪ್ಯಾರಾಸಿಟಮಾಲ್ ನುಂಗಿ ಬಂದರೆ ಮೈ ತಣ್ಣಗಾಗುತ್ತದೆ ಅಷ್ಟೇ, ವೈರಸ್ ಹಾಗೇ ಇರುತ್ತದೆ. ಮಾತ್ರೆ ಇಲ್ಲದೆ 24 ಗಂಟೆ ಜ್ವರ ಬಾರದಿದ್ದರೆ ಮಾತ್ರ ಕೆಲಸಕ್ಕೆ ಬರಲಿ.

ಆದರೂ ಜನ ಯಾಕೆ ಬರುತ್ತಾರೆ? ಹಾಜರಿ ಬೋನಸ್ ಹೋಗುತ್ತದೆ, ಸಂಬಳ ಕಟ್ ಆಗುತ್ತದೆ ಎಂಬ ಭಯಕ್ಕೆ. ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದವರಿಗೆ, ನಿಗದಿತ ದಿನಗಳಷ್ಟು ವಂತಿಗೆ ಕಟ್ಟಿದ್ದರೆ, ವೈದ್ಯರ ಸರ್ಟಿಫಿಕೇಟ್ ಮೇಲೆ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ 70ರಷ್ಟು ಸಿಗುತ್ತದೆ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಆದರೆ ಸಾಮಾನ್ಯವಾಗಿ ಮೊದಲ ಎರಡು ದಿನಕ್ಕೆ ಹಣ ಬರುವುದಿಲ್ಲ. ಸೋಂಕು ಜಾಸ್ತಿ ಹರಡುವುದೂ ಆ ಮೊದಲ ದಿನಗಳಲ್ಲೇ. ಆ ಎರಡು ದಿನದ ಸಂಬಳವನ್ನು ಮಾಲೀಕರೇ ಕೊಡಬೇಕು, ಹಾಜರಿ ಬೋನಸ್ಸನ್ನೂ ಮುಟ್ಟಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹತ್ತು ಜನ ಒಟ್ಟಿಗೆ ಮಲಗಿದರೆ ಆಗುವ ನಷ್ಟದ ಮುಂದೆ ಅದೇನೂ ದೊಡ್ಡದಲ್ಲ.

ಎರಡನೆಯದು ಗಾಳಿ. ಎರಚಲು ಹೊಡೆಯುತ್ತದೆಂದು ಕಿಟಕಿ ಹಾಕಿ ಫ್ಯಾನ್ ತಿರುಗಿಸಿದರೆ ಅದೇ ಗಾಳಿ ಒಳಗೇ ಸುತ್ತುತ್ತದೆ. ಒಂದು ಬದಿ ಎಕ್ಸಾಸ್ಟ್ ಫ್ಯಾನ್ ಓಡಲಿ, ಎದುರು ಬದಿಯ ಕಿಟಕಿ ಸ್ವಲ್ಪವಾದರೂ ತೆಗೆದಿರಲಿ. ಹಳ್ಳಿಗಳಿಂದ ಹೆಣ್ಣುಮಕ್ಕಳನ್ನು ತುಂಬಿಕೊಂಡು ಬರುವ ವ್ಯಾನಿಗೂ ಇದೇ ಮಾತು. ಶೀತ, ಕೆಮ್ಮು ಇದ್ದವರು ವ್ಯಾನಿನಲ್ಲೂ ಒಳಗೂ ಮಾಸ್ಕ್ ಹಾಕಿಕೊಳ್ಳಲಿ.

ಇನ್ನು ಕುಡಿಯುವ ನೀರಿನ ಜಾಗವನ್ನು ಒಮ್ಮೆ ಹೋಗಿ ನೋಡಿ. ಡ್ರಮ್ಮಿನ ಪಕ್ಕ ಸರಪಳಿಗೆ ಕಟ್ಟಿದ ಒಂದು ಸ್ಟೀಲ್ ಲೋಟ. ಎತ್ತಿ ಕುಡಿಯುವವರು ಕೆಲವರು, ಕಚ್ಚಿ ಕುಡಿಯುವವರು ಕೆಲವರು, ಅದನ್ನೇ ಡ್ರಮ್ಮಿನೊಳಗೆ ಅದ್ದುವವರು ಇನ್ನು ಕೆಲವರು. ಆ ಲೋಟವನ್ನು ಇವತ್ತೇ ತೆಗೆಯಿರಿ. ಡ್ರಮ್ಮಿಗೆ ನಲ್ಲಿ ಹಾಕಿಸಿ, ಪ್ರತಿಯೊಬ್ಬರೂ ತಮ್ಮದೇ ಬಾಟಲಿ ತರಲಿ.

ಕೈ ತೊಳೆಯಲು ಬೇಸಿನ್ ಹತ್ತಿರ ಸೋಪು ಯಾವಾಗಲೂ ಇರಬೇಕು. ಊಟಕ್ಕೆ ಮೊದಲು, ಶೌಚಾಲಯಕ್ಕೆ ಹೋಗಿ ಬಂದ ಮೇಲೆ 20 ಸೆಕೆಂಡ್ ಉಜ್ಜಿ ತೊಳೆಯಬೇಕು. ಇಡೀ ಲೈನಿಗೆ ಒಟ್ಟಿಗೆ ಊಟಕ್ಕೆ ಬಿಟ್ಟರೆ ಯಾರೂ ಅಷ್ಟು ಹೊತ್ತು ನಿಲ್ಲುವುದಿಲ್ಲ. ಐದೈದು ನಿಮಿಷ ಬಿಟ್ಟು ಬ್ಯಾಚ್ ಬ್ಯಾಚಾಗಿ ಕಳಿಸಿ. ವಾಂತಿ ಭೇದಿ ತರುವ ಕೆಲವು ವೈರಸ್‌ಗಳ ಮುಂದೆ ಸ್ಯಾನಿಟೈಸರ್ ಆಟ ನಡೆಯುವುದಿಲ್ಲ, ಸೋಪು ನೀರೇ ಬೇಕು. ಮದ್ರಾಸ್ ಐ ಬಂದಾಗ ಬೇಸಿನ್ ಪಕ್ಕದ ಸಾರ್ವಜನಿಕ ಟವೆಲ್ ಎತ್ತಿಬಿಡಿ.

ಎರಡು ವಾರ ದಾಟಿದ ಕೆಮ್ಮನ್ನು ಮಾತ್ರ ಸುಮ್ನೆ ಬಿಡಬೇಡಿ. ಅದು ಟಿಬಿ ಇರಬಹುದು. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್ ಸೇರಿದಂತೆ ಸರ್ಕಾರಿ ಆಸ್ಪತ್ರೆಗಳಲ್ಲಿ ಕಫ ಪರೀಕ್ಷೆಯೂ ಔಷಧಿಯೂ ಉಚಿತ. ಟಿಬಿ ಎಂದು ಗೊತ್ತಾದವರನ್ನು ಕೆಲಸದಿಂದ ತೆಗೆಯಬೇಡಿ, ಅವರ ಹೆಸರನ್ನು ಲೈನಿನಲ್ಲಿ ಹೇಳಿಕೊಂಡು ತಿರುಗಬೇಡಿ. ಹಾಗೆ ಮಾಡಿದರೆ ಮುಂದಿನವರು ಕೆಮ್ಮನ್ನೇ ಮುಚ್ಚಿಡುತ್ತಾರೆ. ಔಷಧಿ ಸರಿಯಾಗಿ ತೆಗೆದುಕೊಂಡು, ವೈದ್ಯರು ಸರಿ ಎಂದ ದಿನ ಅವರು ತಮ್ಮ ಮಿಷನ್‌ಗೆ ವಾಪಸ್ ಬರಲಿ.