ಬೋರ್‌ವೆಲ್ ನೀರಿಗೂ ಲೆಕ್ಕ ಇಡಿ

ಚಳ್ಳಕೆರೆ, ಪಾವಗಡದ ಕಡೆ ಬೋರ್‌ವೆಲ್ ನಂಬಿ ಬೆಳೆ ಇಡೋರು ಮೊದಲು ನೀರು ಅಳೆಯಿರಿ. ಸುಮ್ನೆ ‘ಎರಡಿಂಚು ನೀರಿದೆ’ ಅಂದರೆ ಲೆಕ್ಕ ಆಗಲ್ಲ. ಮೋಟಾರ್ ಹಾಕಿ ಅರ್ಧ ಗಂಟೆ ಬಿಡಿ, ಆಮೇಲೆ 200 ಲೀಟರ್ ಡ್ರಮ್ ಪೈಪಿನ ಬಾಯಿಗಿಟ್ಟು ಮೊಬೈಲಲ್ಲಿ ಟೈಮ್ ನೋಡಿ. 100 ಸೆಕೆಂಡಿಗೆ ತುಂಬಿತಾ? ಗಂಟೆಗೆ 7,200 ಲೀಟರ್. ಒಂದು ಎಕರೆ ತುಂಬ ಒಂದಿಂಚು ಎತ್ತರ ನಿಲ್ಲುವಷ್ಟು ನೀರು ಕೊಡಲು ಸುಮಾರು 1 ಲಕ್ಷ ಲೀಟರ್ ಬೇಕು, ಅಂದರೆ ಇದೇ ಮೋಟಾರ್ 14 ಗಂಟೆ ಓಡಬೇಕು, ತ್ರೀ ಫೇಸ್ ಕರೆಂಟ್ ಅಷ್ಟು ಹೊತ್ತು ಎಲ್ಲಿ ಸಿಗುತ್ತೆ ಹೇಳಿ!

ಮೋಟಾರ್ ಓಡಿದ ಗಂಟೆ, ಯಾವ ಹೊಲ, ಬಿದ್ದ ಮಳೆ, ಎಲ್ಲ ಗೋಡೆ ಕ್ಯಾಲೆಂಡರಲ್ಲೇ ಬರೆಯಿರಿ. 1 ಮಿ.ಮೀ. ಮಳೆ ಅಂದರೆ ಎಕರೆಗೆ ಸುಮಾರು 4,000 ಲೀಟರ್. ತಿಂಗಳಿಗೊಮ್ಮೆ ಡ್ರಮ್ ಮತ್ತೆ ಇಡಿ. ತುಂಬೋಕೆ ಜಾಸ್ತಿ ಹೊತ್ತು ಹಿಡಿದರೆ ಬೇಸಿಗೆ ಟೊಮೆಟೊ ಆಸೆ ಬಿಡಿ. ಡ್ರಿಪ್ ಹಾಕಿ ನೀರು ಉಳಿಯಿತು ಅಂತ ಇನ್ನೊಂದು ಎಕರೆಗೆ ಪೈಪ್ ಎಳೆದರೆ ಉಳಿದದ್ದೇನು, ಅಲ್ವಾ?